ಗಿಡ್ಡ ಕಾಲಿನ ಟಿಚ್ ಬಟನ್

ರವಿಕೆಗೆ ಟಿಚ್ ಬಟನ್ ಹಚ್ಚಲು ಸೂಜಿ ದಾರ ಸಾಕು. ದಪ್ಪ ಕ್ಯಾನ್‌ವಾಸಿಗೆ ಹಚ್ಚಬೇಕಾದರೆ ಸುತ್ತಿಗೆ ಬೇಕು, ಕೆಳಗಿಡಲು ಕಬ್ಬಿಣದ ಅಚ್ಚು ಬೇಕು, ಅದಕ್ಕಿಂತ ಹೆಚ್ಚಾಗಿ ಒಂದೇ ಏಟಿಗೆ ನೆಟ್ಟಗೆ ಇಳಿಯುವ ಕೈ ಬೇಕು. ಎರಡನೇ ಏಟು ಬಿತ್ತೆಂದರೆ ಬಟನ್ ಸೊಟ್ಟಗಾಯಿತು ಅಂತಲೇ ಲೆಕ್ಕ. ಅಂಥ ಕೈ ಯಡಿಯೂರಿನ ಬೈರಮ್ಮನಿಗಿತ್ತು.

ಜಯನಗರದ ಮೂರನೇ ಬ್ಲಾಕಿನಲ್ಲಿ, ಕಾಂಟ್ರಾಕ್ಟರ್ ಅನಂತರಾಮು ಅವರ ಮನೆಯ ಹಿಂದೆ ಒಂದು ಶೀಟಿನ ಶೆಡ್ಡು. ಅರವತ್ತಮೂರನೇ ಇಸವಿಯ ಬೇಸಿಗೆಯಲ್ಲಿ ಅದರೊಳಗೆ ಹನ್ನೊಂದು ಜನ ಹೆಂಗಸರು ನೆಲದ ಮೇಲೆ ಸಾಲಾಗಿ ಕೂತು ಮಿಲಿಟರಿಗೆ ತೋಟಾ ಚೀಲ ತಯಾರು ಮಾಡುತ್ತಿದ್ದರು. ಸಿಪಾಯಿ ಸೊಂಟಕ್ಕೆ ಕಟ್ಟಿಕೊಂಡು ಬಂದೂಕಿನ ತೋಟಾ ತುಂಬಿಕೊಳ್ಳುವ ಚೀಲ ಅದು. ಹಿಂದಿನ ಚಳಿಗಾಲದಲ್ಲಿ ಚೀನಾ ಗಡಿಯಲ್ಲಿ ಏನಾಯಿತೆಂದು ಎಲ್ಲರಿಗೂ ಗೊತ್ತಿತ್ತು. ಅನಂತರಾಮು ಅವರಂತೂ ಅದನ್ನು ಮರೆಯಲು ಯಾರಿಗೂ ಬಿಡುತ್ತಿರಲಿಲ್ಲ. ಸಂಜೆ ಐದಕ್ಕೆ ಏಳಬೇಕಾದವರು ಏಳಕ್ಕೆ ಎದ್ದರೆ ಅದು ದೇಶದ ಕೆಲಸ. ನೀರು ಕುಡಿಯಲು ಎದ್ದರೆ ದೇಶಕ್ಕೆ ನಷ್ಟ. ಶೆಡ್ಡು ನಿಂತ ನೆಲ ಹದಿನೈದು ವರ್ಷದ ಹಿಂದೆ ಯಡಿಯೂರಿನವರ ರಾಗಿ ಹೊಲವಾಗಿತ್ತು. ಸರ್ಕಾರದವರು ಸರಪಳಿ ಹಿಡಿದು ಅಳೆದು ಅದನ್ನು ತೆಗೆದುಕೊಂಡಾಗಲೂ ಇದೇ ಮಾತು ಹೇಳಿದ್ದರು. ದೇಶ ಯಾವಾಗಲೂ ಇದೇ ಹೆಂಗಸರ ಮನೆ ಬಾಗಿಲಿಗೇ ಯಾಕೆ ಬರುತ್ತದೆ ಎಂದು ಯಾರೂ ಕೇಳಿರಲಿಲ್ಲ. ಕೇಳುವುದಕ್ಕೆ ಪುರುಸೊತ್ತಾದರೂ ಎಲ್ಲಿತ್ತು?

ಚೀಲಕ್ಕೆ ಎರಡು ಕಡೆ ಬಟನ್. ಪಕ್ಕದ ಪಟ್ಟಿಗೆ ಒಂದು, ಮೇಲಿನ ಮುಚ್ಚಳಕ್ಕೆ ಒಂದು. ಪಕ್ಕದ ಪಟ್ಟಿ ತೆಳು, ಬರೀ ಎರಡು ಪದರ. ಮುಚ್ಚಳ ಹಾಗಲ್ಲ. ಎರಡು ಪದರ ಕ್ಯಾನ್‌ವಾಸು, ನಡುವೆ ರಟ್ಟಿನಂಥ ಗಡುಸಾದ ಅಸ್ತರು. ಮಳೆಯಲ್ಲಿ ನೆನೆದರೂ ಮುಚ್ಚಳ ಜೋಲು ಬೀಳದೆ ಇರುವುದು ಆ ಅಸ್ತರಿನಿಂದ. ಬಟನ್ನಿನ ಟೋಪಿಗೆ ಒಂದು ಟೊಳ್ಳು ಕಾಲು ಇರುತ್ತದೆ. ಅದು ಬಟ್ಟೆಯನ್ನು ತೂರಿ ಆ ಕಡೆ ತಲೆ ಹಾಕಬೇಕು. ತಲೆ ಹಾಕಿದ ತುದಿಗೆ ಬಟ್ಟಲು ಕೂರಿಸಿ ಏಟು ಕೊಟ್ಟರೆ ತುದಿ ಹೂವಿನ ಹಾಗೆ ಅರಳಿ ಬಟ್ಟಲನ್ನು ಕಚ್ಚಿಕೊಳ್ಳುತ್ತದೆ. ಕಾಲು ಗಿಡ್ಡವಾಗಿದ್ದರೆ ಅರಳುವುದಕ್ಕೆ ತುದಿಯೇ ಇಲ್ಲ. ಸುಮ್ಮನೆ ಕಚ್ಚಿದ ಹಾಗೆ ಕಾಣುತ್ತದೆ, ಎಳೆದರೆ ಕೈಗೆ ಬರುತ್ತದೆ.

ಜನವರಿಯಲ್ಲಿ ಮಾದರಿ ಚೀಲ ಮಾಡುವಾಗ ಅನಂತರಾಮು ಚಿಕ್ಕಪೇಟೆಯಿಂದ ಒಂದು ಹಿಡಿ ಬಟನ್ ತಂದು ಬೈರಮ್ಮನ ಮಡಿಲಿಗೆ ಸುರಿದಿದ್ದರು. "ನೋಡಮ್ಮ, ಇದರಲ್ಲೇ ಆಗ್ಬೇಕು. ನಾಳೆ ಬೆಳಿಗ್ಗೆ ಮಿಲಿಟರಿ ಇನ್‌ಸ್ಪೆಕ್ಟರು ಬರ್ತಾರೆ."

ಮೊದಲನೆಯದನ್ನು ಮುಚ್ಚಳಕ್ಕೆ ಹೊಡೆದಾಗಲೇ ಬೈರಮ್ಮನಿಗೆ ತಿಳಿಯಿತು, ಕಾಲು ಸಾಲದು ಅಂತ. ಎದ್ದು ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಕೊಟ್ಟಿದ್ದರಲ್ಲಿ ಹೊಂದಿಸಿಕೊಂಡು ಹೋಗುವುದೇ ಜಾಣತನ ಎಂದು ಅವಳಿಗೆ ಹುಟ್ಟಿದಾಗಿನಿಂದ ಹೇಳಿಕೊಟ್ಟಿದ್ದರು; ಒಂದು ಸೇರು ಹಿಟ್ಟಿನಲ್ಲಿ ಆರು ಜನಕ್ಕೆ ಮುದ್ದೆ ಕಟ್ಟಿದವಳು ಅವಳು. ಮುಚ್ಚಳದ ಹೊಲಿಗೆಯನ್ನು ಎರಡಂಗುಲ ಬಿಚ್ಚಿದಳು. ಬಟನ್ ಕೂರುವ ಜಾಗದಲ್ಲಿ ಒಳಗಿನ ಅಸ್ತರನ್ನು ಬ್ಲೇಡಿನಿಂದ ನಾಲ್ಕಾಣೆ ನಾಣ್ಯದ ಅಗಲಕ್ಕೆ ದುಂಡಗೆ ಕೊರೆದು ತೆಗೆದಳು. ಮತ್ತೆ ಹೊಲಿದಳು. ಅಲ್ಲಿ ಬಟ್ಟೆ ತೆಳುವಾಗಿ ಗಿಡ್ಡ ಕಾಲು ಆ ಕಡೆ ತಲೆ ಹಾಕಿತು. ಒಂದೇ ಏಟು. ಇನ್‌ಸ್ಪೆಕ್ಟರ್ ಪರಮಶಿವಯ್ಯ ಎರಡು ಕೈಯಲ್ಲೂ ಹಿಡಿದು ಜಗ್ಗಿದರು. ಬಟನ್ ಅಲ್ಲಾಡಲಿಲ್ಲ. ಮಾದರಿಗೆ ಚೀಟಿ ಕಟ್ಟಿ, ಅರಗಿನ ಮುದ್ರೆ ಒತ್ತಿಸಿ ತೆಗೆದುಕೊಂಡು ಹೋದರು. ಅನಂತರಾಮು ಅದೇ ಬಟನ್ನನ್ನು ಮೂಟೆಗಟ್ಟಲೆ ತರಿಸಿದರು. ಬೈರಮ್ಮ ಒಳಗೊಳಗೇ ಹಿಗ್ಗಿದಳು.

ಆ ಹಿಗ್ಗು ಮೇ ತಿಂಗಳವರೆಗೆ ಬಾಳಿತು.

ಮೇ ಎರಡನೇ ವಾರ ಮಿಲಿಟರಿಯಿಂದ ಮುನ್ನೂರು ಚೀಲ ವಾಪಸು ಬಂದವು. ಅನಂತರಾಮು ಅವರ ಅಕ್ಕನ ಮಗ ಕಿಟ್ಟಿ, ಶೆಡ್ಡಿನ ಮೇಲ್ವಿಚಾರಣೆ ಅವನದು, ಗೋಣಿಯನ್ನು ಹೆಂಗಸರ ನಡುವೆ ಬೋರಲು ಹಾಕಿದ. ಪಕ್ಕದ ಪಟ್ಟಿಯ ಬಟನ್ನುಗಳೆಲ್ಲ ಭದ್ರವಾಗಿದ್ದವು. ಮುಚ್ಚಳದವು ಮಾತ್ರ ಬೇಲಿಯ ಮೇಲಿನ ಬಸವನಹುಳು ಉದುರಿದ ಹಾಗೆ ಉದುರುತ್ತಿದ್ದವು.

"ಮುಚ್ಚಳಕ್ಕೆ ಹೊಡೆದೋರು ಯಾರ್ಯಾರು, ಕೈ ಎತ್ತಿ," ಅಂದ ಕಿಟ್ಟಿ.

ಐದು ಜನ ಕೈ ಎತ್ತಿದರು. ಮುಂದೆ ಕೂತಿದ್ದವಳು ತಿಲಕ್ ನಗರದ ಜಯಶೀಲಾ. ಇಪ್ಪತ್ತು ದಾಟಿದ ಹುಡುಗಿ, ಹಾಸಿಗೆ ಹಿಡಿದ ತಾಯಿಯನ್ನು ಇದೇ ಸುತ್ತಿಗೆಯಿಂದ ಸಾಕುತ್ತಿದ್ದವಳು.

"ನೀವು ಹೇಳ್ಕೊಟ್ಟ ಹಂಗೇ ಹೊಡ್ದಿದೀವಿ ಸಾರ್," ಅಂದಳು.

"ನಾನ್ ಹೇಳ್ಕೊಟ್ಟೆ ಉದುರಿಸಿ ಅಂತ?"

"ನೀವೇನ್ ಹೇಳ್ಕೊಟ್ರಿ, ಬೇಗ ಬೇಗ ಅಂದಿದ್ ಒಂದ್ ಬಿಟ್ರೆ?" ಎಂದು ಹಿಂದಿನಿಂದ ನಾರಾಯಣಮ್ಮನ ದನಿ ಬಂತು. ನಾರಾಯಣಮ್ಮ ಬೈರಮ್ಮನ ಪಕ್ಕದ ಮನೆಯವಳು. ಬಾಯಿಗೆ ಬೀಗ ಇಲ್ಲದವಳು. ಆದರೆ ಅವಳೂ ಬೈರಮ್ಮನ ಹಾಗೆ ಪಕ್ಕದ ಪಟ್ಟಿಯವಳು, ಅವಳ ಬಟನ್ ಒಂದೂ ಬಿದ್ದಿರಲಿಲ್ಲ. ಎರಡು ಮೂರು ಜನ ನಕ್ಕರು. ಆ ಐದು ಜನ ನಗಲಿಲ್ಲ.

ಸಂಜೆ ಅನಂತರಾಮು ಬೈರಮ್ಮನನ್ನು ಮನೆಯ ಹಿತ್ತಿಲ ಜಗುಲಿಗೆ ಕರೆಸಿದರು. ಟೈಪು ಮಾಡಿದ ಒಂದು ಹಾಳೆ ಕೈಯಲ್ಲಿತ್ತು. ಕೆಟ್ಟವರೇನಲ್ಲ ಅನಂತರಾಮು; ದನಿ ಏರಿಸಿ ಮಾತಾಡಿದವರಲ್ಲ. ಅಷ್ಟು ಮೆತ್ತಗಿನ ದನಿಯಲ್ಲಿ ಐದು ಮನೆಯ ಒಲೆ ಆರಿಸಬಹುದು ಎಂದು ಬೈರಮ್ಮನಿಗೆ ಅವತ್ತು ಗೊತ್ತಾಯಿತು.

"ನೋಡಮ್ಮ, ಬಟನ್ ಸರಿ ಇದೆ, ಮಾದರೀಲಿ ನಿಂತಿದೆ. ಬಟ್ಟೆ ಸರಿ ಇದೆ. ಅಂದ್ಮೇಲೆ ತಪ್ಪು ಕೈಯದು. ಐದು ಜನದ ಅಜಾಗರೂಕತೆ ಅಂತ ಬರೆದಿದೀನಿ. ಅವರನ್ನ ತೆಗೀತೀವಿ ಅಂತ್ಲೂ ಬರೆದಿದೀನಿ. ಮಾದರಿ ಹೊಡೆದೋಳು ನೀನು. ನಿನ್ನದೊಂದು ಹೆಬ್ಬೆಟ್ಟು ಇದ್ರೆ ತೂಕ ಬರತ್ತೆ. ಆಮೇಲೆ ಹೊಸಬರಿಗೆ ನೀನೇ ಮೇಸ್ತ್ರಿ. ಸುತ್ತಿಗೆ ಮುಟ್ಟಬೇಕಾಗಿಲ್ಲ, ಕುರ್ಚಿ ಮೇಲೆ ಕೂತು ನೋಡ್ಕೊಂಡ್ರೆ ಆಯ್ತು."

ಬೈರಮ್ಮನ ಬೆನ್ನು ಎರಡು ವರ್ಷದಿಂದ ನೆಟ್ಟಗಾಗಿರಲಿಲ್ಲ. ಕುರ್ಚಿ ಎಂಬ ಮಾತು ನೇರ ಬೆನ್ನಿಗೇ ಹೋಗಿ ತಗುಲಿತು. "ನಾಳೆ ಹೇಳ್ತೀನಿ ಸಾಮಿ," ಅಂದು ಬಂದಳು.

ಕೆರೆ ಏರಿಯ ಮೇಲೆ ನಡೆದು ಬರುವಾಗ ನಾರಾಯಣಮ್ಮನಿಗೆ ಎಲ್ಲ ಹೇಳಿದಳು. ಕಾಗದದ ಸುದ್ದಿ, ಕುರ್ಚಿಯ ಸುದ್ದಿ, ಕೊನೆಗೆ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಅಸ್ತರು ಕೊರೆದ ಸುದ್ದಿ.

ನಾರಾಯಣಮ್ಮ ನಿಂತೇ ಬಿಟ್ಟಳು. "ಅಯ್ಯೋ ನಿನ್ನ! ನಾಲ್ಕ್ ತಿಂಗಳಿಂದ ಹೊಟ್ಟೇಲಿಟ್ಕೊಂಡಿದ್ಯೇನೆ?"

"ಮಾದ್ರಿ ಒಂದ್ ದಾಟ್ಲಿ ಅಂತ ಮಾಡ್ದೆ. ಮೂಟೆ ಮೂಟೆ ತರುಸ್ತಾರೆ ಅಂತ ನಂಗೇನ್ ಗೊತ್ತಮ್ಮಿ."

"ಎಲ್ಲಕ್ಕೂ ಹಂಗೇ ಕೊರ್ದು ಹೊಡಿಯಕಾಗಲ್ವಾ?"

"ಮಿಷಿನ್ನಿನಿಂದ ಹೊಲ್ದೇ ಬರ್ತದೆ ಮುಚ್ಚಳ. ಬಿಚ್ಚಿ, ಕೊರ್ದು, ಹೊಲ್ಯೋದ್ರಲ್ಲಿ ದಿನಕ್ಕೆ ಹತ್ ಚೀಲ ಆಗಲ್ಲ. ಆದ್ರೂ ಅಸ್ತರು ಇಲ್ದಿರೋ ಜಾಗ ಎಷ್ಟು ದಿನ ತಡೀತದೆ? ನೂರ್ ಸಲ ಬಿಚ್ಚಿ ಹಾಕಿದ್ರೆ ಬಟನ್ನು ಬಟ್ಟೆ ಸಮೇತ ಹರ್ಕೊಂಡ್ ಬರ್ತದೆ. ಅಲ್ಲಿ ಮಂಜಲ್ಲಿ ನಿಂತಿರೋನು ತೋಟಾ ಎಲ್ಲಿ ಹುಡುಕ್ತಾನೆ?"

ನಾರಾಯಣಮ್ಮ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದಳು. ಅದು ಅವಳಿಗೆ ಸುಲಭದ ಕೆಲಸವಲ್ಲ. "ಬೈರಿ, ಒಂದ್ ಮಾತು. ನೀನು ಹೇಳ್ಬೇಡ. ಹೇಳಿದ್ರೆ ಮೊದ್ಲು ಹೋಗೋಳು ನೀನು. ಕಾಂಟ್ರಾಕ್ಟೇ ಹೋದ್ರೆ ನಾವೆಲ್ಲಾ ಹೋಗ್ತೀವಿ. ಐದ್ ಜನಾನೋ ಹನ್ನೊಂದ್ ಜನಾನೋ, ನೀನೇ ಯೋಚ್ನೆ ಮಾಡು."

"ಐದ್ ಜನದಲ್ಲಿ ನೀನಿದ್ದಿದ್ರೆ?"

"ನಾನಿಲ್ವಲ್ಲ," ಅಂದಳು ನಾರಾಯಣಮ್ಮ, ಮುಖ ಕೆರೆಯ ಕಡೆ ತಿರುಗಿಸಿ. "ಅದಕ್ಕೇ ನೆಟ್ಟಗೆ ಹೇಳ್ತಿರೋದು."

ಬೆಳಿಗ್ಗೆ ಬೈರಮ್ಮ ಹೋಗಿ ಅನಂತರಾಮು ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಿಜ ಗೊತ್ತಾದರೆ ಕಾಗದ ಹರಿದು ಹಾಕುತ್ತಾರೆ ಎಂದುಕೊಂಡಿದ್ದಳು ಪಾಪ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು.

"ಇದು ಇನ್ಯಾರಿಗ್ ಗೊತ್ತು?"

"ನಾರಾಯಣಮ್ಮನಿಗೆ."

"ಅಲ್ಲಿಗೇ ನಿಲ್ಲಲಿ. ಬಟನ್ ಬಂದಾಗಿದೆ, ವಾಪಸ್ ತಗೊಳ್ಳಲ್ಲ. ಶನಿವಾರ ಪರಮಶಿವಯ್ಯ ಬರ್ತಾರೆ. ಮೇಲಿನ ಇಪ್ಪತ್ತು ಚೀಲ ಎಳೆದು ನೋಡ್ತಾರೆ, ಅಷ್ಟೆ. ಆ ಇಪ್ಪತ್ತು ನೀನು ನಿನ್ನ ರೀತೀಲಿ ಮಾಡು. ಅವರಿಗೆ ಸಮಾಧಾನ ಆಗತ್ತೆ, ಕಾಗದ ತೋರಿಸ್ತೀನಿ, ಕೆಲಸ ಮುಂದುವರೀಲಿ."

"ಆ ಐದ್ ಜನ ಸಾಮಿ?"

"ತಪ್ಪು ಯಾರ ಮೇಲಾದ್ರೂ ಇರ್ಬೇಕಲ್ಲಮ್ಮ."

ನಿನ್ನೆಯವರೆಗೂ ಅವರಿಗೆ ನಿಜ ಗೊತ್ತಿರಲಿಲ್ಲ. ಇವತ್ತು ಗೊತ್ತಿತ್ತು. ಕಾಗದದಲ್ಲಿ ಮಾತ್ರ ಒಂದಕ್ಷರವೂ ಬದಲಾಗಲಿಲ್ಲ.

ಬೈರಮ್ಮನಿಗೆ ಶೆಡ್ಡಿನಿಂದ ಬೇರೆಯಾಗಿ ಹಿತ್ತಿಲ ಜಗುಲಿಯಲ್ಲಿ ಜಾಗ ಕೊಟ್ಟರು. ಹೊಸ ಬ್ಲೇಡು ಕೊಟ್ಟರು. ಒಳಗಿನಿಂದ ಒಂದು ಲೋಟ ಕಾಫಿಯೂ ಬಂತು. ಆ ಶೆಡ್ಡಿನಲ್ಲಿ ದುಡಿದ ನಾಲ್ಕು ವರ್ಷದಲ್ಲಿ ಮೊದಲ ಸಲ. ಇಪ್ಪತ್ತು ಮುಚ್ಚಳ ಮುಂದಿಟ್ಟುಕೊಂಡು ಅವಳು ಮೊದಲನೆಯದರ ಹೊಲಿಗೆಗೆ ಬ್ಲೇಡಿನ ಮೊನೆ ತಾಗಿಸಿದಳು. ಶೆಡ್ಡಿನೊಳಗಿನಿಂದ ಸುತ್ತಿಗೆಗಳ ಸದ್ದು ಬರುತ್ತಿತ್ತು. ಯಾವ ಏಟು ಯಾರದು ಎಂದು ಅವಳಿಗೆ ಕೂತಲ್ಲೇ ತಿಳಿಯುತ್ತಿತ್ತು. ಜಯಶೀಲಾಳದು ಚುರುಕು, ತುಸು ಹಗುರ. ಏಟು ಒಂದೂ ಸೊಟ್ಟಗಿರಲಿಲ್ಲ. ಆ ಹುಡುಗಿಗೆ ಸುತ್ತಿಗೆ ಹಿಡಿಯಲು ಕಲಿಸಿದವಳು ತಾನೇ.

ಬ್ಲೇಡು ಕೆಳಗಿಟ್ಟಳು. ಒಂದು ಹೊಲಿಗೆಯನ್ನೂ ಬಿಚ್ಚದೆ, ಅಸ್ತರನ್ನು ಮುಟ್ಟದೆ, ಇಪ್ಪತ್ತು ಮುಚ್ಚಳಕ್ಕೂ ಅದೇ ಗಿಡ್ಡ ಕಾಲಿನ ಬಟನ್ ಇಟ್ಟು ಒಂದೊಂದೇ ಏಟಿಗೆ ಹೊಡೆದಳು. ಜೀವನದಲ್ಲಿ ಅಷ್ಟು ನೆಟ್ಟಗಿನ ಏಟು ಅವಳು ಹೊಡೆದಿರಲಿಲ್ಲ. ಕಿಟ್ಟಿ ಬಂದು ನೋಡಿದ. ಹೊರಗಿನಿಂದ ನೋಡಿದರೆ ಯಾರಿಗೂ ವ್ಯತ್ಯಾಸ ತಿಳಿಯದು. "ಸಖತ್ತಾಗಿದೆ ಬೈರಮ್ಮ," ಅಂದು ಗೋಣಿಯ ಮೇಲ್ಗಡೆ ಜೋಡಿಸಿದ.

ಶನಿವಾರ ಹತ್ತು ಗಂಟೆಗೆ ಪರಮಶಿವಯ್ಯ ಬಂದರು. ಒಣಕಲು ಮನುಷ್ಯ, ಮಾತು ಕಡಿಮೆ. ಅರಗಿನ ಮುದ್ರೆಯ ಮಾದರಿ ಚೀಲವನ್ನು ಮೇಜಿನ ಮೇಲಿಟ್ಟು ಕೂತರು. ಹೆಂಗಸರನ್ನೆಲ್ಲ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಅನಂತರಾಮು ಹೆಬ್ಬೆಟ್ಟಿಲ್ಲದ ಕಾಗದವನ್ನೇ ಮುಂದೆ ಸರಿಸಿ, "ಐದು ಜನ ಸಾರ್, ಇವತ್ತೇ ತೆಗೆದುಹಾಕ್ತೀವಿ. ಇದು ಹೊಸ ಮಾಲು. ಮಾದರಿ ಮಾಡಿದ ಕೈಯೇ ಮಾಡಿದ್ದು," ಅಂದರು.

ಪರಮಶಿವಯ್ಯ ಮೇಲಿನ ಚೀಲ ತೆಗೆದು ಮುಚ್ಚಳದ ಬಟನ್ ಹಿಡಿದು ಎಳೆದರು. ಟೋಪಿ ಕೈಗೆ ಬಂತು. ಎರಡನೆಯದು ಎಳೆದರು. ಬಂತು. ಮೂರನೆಯದಕ್ಕೆ ಎಳೆಯುವ ಕಷ್ಟವೂ ಬೇಕಾಗಲಿಲ್ಲ, ಬಟ್ಟಲು ತಾನಾಗಿ ಮೇಜಿನ ಮೇಲೆ ಉರುಳಿತು.

"ಇದೇನ್ರೀ ಇದು?"

ಅನಂತರಾಮು ಬೈರಮ್ಮನ ಕಡೆ ನೋಡಿದರು. ಕಿಟ್ಟಿ ನೋಡಿದ. ಗೋಡೆಯ ಪಕ್ಕದ ಹತ್ತೂ ಜನ ನೋಡಿದರು. ಬೈರಮ್ಮನ ಬಟನ್ ಬಿದ್ದದ್ದನ್ನು ಅವರು ಇದೇ ಮೊದಲು ಕಂಡದ್ದು.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. "ಅದನ್ನ ಹೊಡ್ದೋಳು ನಾನೇ ಸಾಮಿ. ಕುಡ್ದಿರ್ಲಿಲ್ಲ, ನಿದ್ದೆಗಣ್ಣಲ್ಲಿರ್ಲಿಲ್ಲ. ನನ್ನ ಕೈಗಿಂತ ನೆಟ್ಟಗಿನ ಕೈ ಈ ಶೆಡ್ಡಲ್ಲಿಲ್ಲ. ನಾನ್ ಹೊಡೆದಿದ್ದೂ ನಿಲ್ಲಲ್ಲ ಅಂದ್ರೆ ಕೈಯದೇನ್ ತಪ್ಪು?"

"ಬೈರಮ್ಮ, ಒಳಗ್ ಹೋಗು," ಅಂದರು ಅನಂತರಾಮು, ಅದೇ ಮೆತ್ತಗಿನ ದನಿಯಲ್ಲಿ.

"ಮಾದರಿ ನಿಂತಿತ್ತಲ್ಲ?" ಅಂದರು ಪರಮಶಿವಯ್ಯ.

"ಅದನ್ನ ಒಂದ್ ನಿಮಿಷ ಕೊಡಿ."

ಅವರು ಕೊಡಲಿಲ್ಲ. ಮುದ್ರೆ ಒತ್ತಿದ ಮಾದರಿಯನ್ನು ಯಾರೂ ಮುಟ್ಟುವ ಹಾಗಿಲ್ಲ, ಅದು ಸರ್ಕಾರದ ಸಾಮಾನು. ಬೈರಮ್ಮ ಕಾಯಲಿಲ್ಲ. ಮೇಜಿನಿಂದ ಚೀಲ ಎತ್ತಿಕೊಂಡು, ಮಡಿಲಲ್ಲಿದ್ದ ಬ್ಲೇಡಿನಿಂದ ಮುಚ್ಚಳದ ಅಂಚನ್ನು ಸರ್ರನೆ ಸೀಳಿದಳು. ಕಿಟ್ಟಿ "ಏಯ್!" ಎಂದು ನುಗ್ಗಿ ಬಂದ. ಅಷ್ಟರಲ್ಲಿ ಅವಳು ಕ್ಯಾನ್‌ವಾಸಿನ ಎರಡು ಪದರವನ್ನೂ ಅಗಲಿಸಿ ಪರಮಶಿವಯ್ಯನವರ ಕಣ್ಣ ಮುಂದೆ ಹಿಡಿದಾಗಿತ್ತು. ನಡುವಿನ ಅಸ್ತರಿನಲ್ಲಿ ದುಂಡನೆಯ ತೂತು.

"ಕೊರ್ದು ತೆಗ್ದಿದೀನಿ. ಅದಕ್ಕೇ ನಿಂತಿದ್ದು. ಜನವರೀಲಿ ನಿಮ್ಮನ್ನ ಯಾಮಾರ್ಸಿದ್ದು ನಾನು. ಯಾರೂ ಹೇಳ್ಕೊಟ್ಟಿರ್ಲಿಲ್ಲ, ನನ್ನ ಬುದ್ಧಿವಂತ್ಕೆ. ಕಾಲು ಗಿಡ್ಡ ಸಾಮಿ. ಮೂರು ಪದರಕ್ಕೆ ಆ ಕಾಲು ಎಟುಕಲ್ಲ. ಇವ್ರೈದು ಜನ ಎಟುಕ್ದೇ ಇರೋದನ್ನ ಹೊಡ್ದಿದಾರೆ, ಅಷ್ಟೆ."

ಪರಮಶಿವಯ್ಯ ಜೇಬಿನಿಂದ ಒಂದು ಪುಟ್ಟ ಉಕ್ಕಿನ ಅಳತೆಪಟ್ಟಿ ತೆಗೆದು ಬಟನ್ನಿನ ಕಾಲು ಅಳೆದರು. ಸೀಳದೆ ಇದ್ದ ಒಂದು ಮುಚ್ಚಳದ ದಪ್ಪ ಅಳೆದರು. ಇನ್ನೊಂದು ಸಲ ಅಳೆದರು. ಅಲ್ಲಿಯವರೆಗೆ, ಜನವರಿಯಿಂದ, ಅಳತೆಪಟ್ಟಿಯನ್ನು ಬಟನ್ನಿಗೆ ಹಿಡಿಯಬೇಕೆಂದು ಒಬ್ಬ ಗಂಡಸಿಗೂ ಹೊಳೆದಿರಲಿಲ್ಲ.

"ನೀನು ಮಾಡಿದ್ದು ಮೋಸ," ಅಂದರು ಬೈರಮ್ಮನಿಗೆ.

"ಹೌದು ಸಾಮಿ."

ಅನಂತರಾಮು ಅವರ ಕಡೆ ತಿರುಗಿ, "ಉದ್ದ ಕಾಲಿನ ಬಟನ್ ತರಿಸಿ. ಮೂವತ್ತು ದಿನ ಟೈಮು. ಈ ಕಾಗದ ನಂಗೆ ಬೇಡ," ಎಂದು ಎದ್ದರು. ಸೀಳಿದ ಮಾದರಿಯನ್ನು ಹಾಗೆಯೇ ತಮ್ಮ ಕೈಚೀಲಕ್ಕೆ ಹಾಕಿಕೊಂಡು ಹೋದರು. ಹೋಗುವಾಗ ಅನಂತರಾಮು ಅವರಿಗೆ ಕೈ ಮುಗಿದರು. ಬೈರಮ್ಮನಿಗೆ ಮುಗಿಯಲಿಲ್ಲ.

ಜೀಪಿನ ಸದ್ದು ತಿರುವಿನಲ್ಲಿ ಮಾಯವಾದ ಮೇಲೆ ಅನಂತರಾಮು ಹೇಳಿದರು, "ಸರ್ಕಾರದ ಮುದ್ರೆ ಸೀಳಿದೋಳನ್ನ ನಾನು ಇಟ್ಕೊಳ್ಳೋ ಹಾಗಿಲ್ಲಮ್ಮ. ನಾಳೆಯಿಂದ ಬರ್ಬೇಡ."

ಬೈರಮ್ಮ ತನ್ನ ಊಟದ ಡಬ್ಬಿ ತೆಗೆದುಕೊಂಡಳು. ಬಾಗಿಲು ದಾಟುವ ಹೊತ್ತಿಗೆ ಹಿಂದೆ ಸುತ್ತಿಗೆಯೊಂದನ್ನು ನೆಲಕ್ಕಿಟ್ಟ ಸದ್ದಾಯಿತು. ಜಯಶೀಲಾ. ಅವಳ ಹಿಂದೆ ಇನ್ನು ನಾಲ್ಕು ಜನ, ಆ ಐವರೇ. ಆಮೇಲೆ ಪಕ್ಕದ ಪಟ್ಟಿಗೆ ಹೊಡೆಯುವವರಲ್ಲಿ ಮಂಗಮ್ಮ. ಅಲ್ಲಿಗೆ ಮುಗಿಯಿತು. ಉಳಿದ ನಾಲ್ವರು ತಲೆ ತಗ್ಗಿಸಿ ಕೂತರು. ಅವರಲ್ಲಿ ನಾರಾಯಣಮ್ಮನೂ ಒಬ್ಬಳು. ಅವರನ್ನು ಬೈಯುವುದು ಸುಲಭ. ಅವರ ಮನೆಯ ಮಡಕೆಯೊಳಗೆ ಒಂದು ಸಲ ಇಣುಕಿ ನೋಡಿ ಬಂದವರು ಬೈಯಲಿ.

ಭಾನುವಾರ ಕಳೆಯಿತು. ಸೋಮವಾರ ಏಳು ಜನರೂ ಬೈರಮ್ಮನ ಮನೆಯ ಮುಂದೆ ಬಂದು ಕೂತರು. ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಜಯಶೀಲಾ ಮಂಗಮ್ಮನ ತಲೆಯ ಹೇನು ನೋಡಿದಳು. ಬೈರಮ್ಮನ ಗಂಡ ಚಿಕ್ಕಬೈರಪ್ಪ ಒಳಗಿನಿಂದ, "ಏನಮ್ಮಿ, ನನ್ನ ಮನೇನೇ ಶೆಡ್ ಮಾಡ್ಬಿಟ್ರಾ?" ಅಂದ. ಮಂಗಳವಾರವೂ ಹಾಗೆಯೇ. ಜಯಶೀಲಾ ಅವತ್ತು ಮಧ್ಯಾಹ್ನ ಗಂಜಿ ಮಾತ್ರ ಕುಡಿದು ಬಂದಿದ್ದಳು, ಹೇಳಲಿಲ್ಲ. ಬೈರಮ್ಮ ಕೇಳದೆ ಮುದ್ದೆ ಹಾಕಿದಳು.

ಬುಧವಾರ ಕಿಟ್ಟಿ ಸೈಕಲ್ಲಿನಲ್ಲಿ ಬಂದ. ಜೇಬಿನಿಂದ ಎರಡು ಥರದ ಬಟನ್ ತೆಗೆದು ಜಗುಲಿಯ ಮೇಲಿಟ್ಟ. "ಯಾವುದು ಸರಿ ಅಂತ ಕೇಳ್ಕೊಂಡ್ ಬಾ ಅಂದ್ರು."

"ನಿಮ್ಮತ್ರ ಅಳತೆಪಟ್ಟಿ ಇಲ್ವಾ ಸಾರ್?" ಅಂದಳು ಜಯಶೀಲಾ.

ಬೈರಮ್ಮ ಎರಡನ್ನೂ ಬೆರಳಲ್ಲಿ ಹೊರಳಿಸಿ ನೋಡಿದಳು. ಹೇಳದೆ ಇರಬಹುದಿತ್ತು. ಹೇಳದಿದ್ದರೆ ಮತ್ತೆ ತಪ್ಪು ಬಟನ್, ಮತ್ತೆ ಯಾರದೋ ಕೈ. "ಮುಚ್ಚಳಕ್ಕೆ ಇದು. ಪಟ್ಟಿಗೆ ಇದನ್ನ ಹಾಕ್ಬೇಡಿ, ತೆಳು ಬಟ್ಟೇಲಿ ಉದ್ದ ಕಾಲು ಮಡಚ್ಕೊಂಡು ಸೊಟ್ಟಗಾಗ್ತದೆ. ಪಟ್ಟಿಗೆ ಹಳೇದೇ ಸಾಕು."

ಕಿಟ್ಟಿ ತಲೆ ಕೆರೆದುಕೊಂಡ. "ಎಲ್ರೂ ಕೆಲಸಕ್ಕೆ ಬರ್ಬೇಕಂತೆ. ನಾಲ್ಕ್ ಜನದಲ್ಲಿ ಆಗ್ತಿಲ್ಲ."

"ಎಲ್ರೂ ಅಂದ್ರೆ?"

"ಎಲ್ರೂ ಅಂದ್ರೆ... ಮಾವ ಹೆಸರೇನೂ ಹೇಳ್ಲಿಲ್ಲ."

"ಹೆಸ್ರು ಹೇಳಿಸ್ಕೊಂಡ್ ಬಾ ಹೋಗಪ್ಪ," ಅಂದಳು ಮಂಗಮ್ಮ. "ಯಡಿಯೂರಿಂದ ಮೂರನೇ ಬ್ಲಾಕು ಏನ್ ಮಹಾ ದೂರ?"

ಕಿಟ್ಟಿ ಬಿಸಿಲಲ್ಲಿ ಸೈಕಲ್ ತುಳಿದು ಹೋದ. ಮುಕ್ಕಾಲು ಗಂಟೆಯ ಮೇಲೆ ಬೆವರು ಸುರಿಸಿಕೊಂಡು ವಾಪಸು ಬಂದ. "ಬೈರಮ್ಮನೂ ಅಂದ್ರು. ಆದ್ರೆ ಮೇಸ್ತ್ರಿ ಕೆಲಸ ಇಲ್ವಂತೆ. ಅದಕ್ಕೆ ಚಿಕ್ಕಲಸಂದ್ರದಿಂದ ಒಬ್ರನ್ನ ಗೊತ್ತು ಮಾಡಿದಾರೆ."

"ಗಂಡಸೇನಪ್ಪ?" ಅಂದಳು ಮಂಗಮ್ಮ.

"ಹೂಂ."

"ಸುತ್ತಿಗೆ ಹಿಡಿಯಕ್ಕೆ ಬರ್ತದಾ?"

ಕಿಟ್ಟಿ ಸೈಕಲ್ ತಿರುಗಿಸಿದ. ಹೆಂಗಸರು ನಕ್ಕ ನಗು ಪಕ್ಕದ ಬೀದಿಗೆ ಕೇಳಿಸಿತು.

ಗುರುವಾರ ಹನ್ನೊಂದು ಜನರೂ ಸಾಲಾಗಿ ಕೂತರು. ಬೈರಮ್ಮ ಉದ್ದ ಕಾಲಿನ ಬಟನ್ ಒಂದನ್ನು ಮುಚ್ಚಳಕ್ಕಿಟ್ಟು ಹೊಡೆದಳು. ಹೊಡೆದದ್ದನ್ನು ರಾಶಿಗೆ ಎಸೆಯದೆ ಪಕ್ಕದಲ್ಲಿದ್ದ ನಾರಾಯಣಮ್ಮನ ಕೈಗೆ ಕೊಟ್ಟಳು. ಶನಿವಾರದಿಂದ ಅವರಿಬ್ಬರೂ ಮಾತಾಡಿರಲಿಲ್ಲ.

"ಎಳಿ," ಅಂದಳು.

"ನಾನ್ಯಾಕೆ ಎಳೀಲಿ?"

"ಬಿದ್ರೆ ಇಲ್ಲೇ ಬೀಳ್ಲಿ, ನಮ್ ನಮ್ಮೊಳಗೆ. ಹೊರಗ್ ಹೋಗಿ ಬಿದ್ರೆ ಕಾಗ್ದ ಆಗಿ ಬರ್ತದೆ."

ನಾರಾಯಣಮ್ಮ ಚೀಲವನ್ನು ಎರಡು ಪಾದದ ನಡುವೆ ಇಟ್ಟು ಅದುಮಿ, ಹಲ್ಲು ಕಚ್ಚಿ ಜಗ್ಗಿದಳು. ಬರಲಿಲ್ಲ. ಇನ್ನೊಂದು ಸಲ ಜಗ್ಗಿದಳು. "ಇನ್‌ಸ್ಪೆಕ್ಟರನ್ನೇ ಯಾಮಾರಿಸಿದೋಳು ನೀನು, ಒಂದ್ ಸಲಕ್ಕೆಲ್ಲ ನಂಬಕ್ಕಾಗಲ್ಲಮ್ಮ," ಅಂದಳು. ಕಣ್ಣು ಒದ್ದೆಯಾಗಿತ್ತು, ಜಗ್ಗಿದ್ದಕ್ಕೋ ಏನೋ. ಆಮೇಲೆ ತಾನು ಹೊಡೆದ ಪಟ್ಟಿಯನ್ನು ಜಯಶೀಲಾಳ ಕಡೆ ಚಾಚಿದಳು.

ಅಂದಿನಿಂದ ಆ ಶೆಡ್ಡಿನಲ್ಲಿ ಪಕ್ಕದವಳು ಎಳೆದು ನೋಡದೆ ಯಾವ ಚೀಲವೂ ರಾಶಿ ಸೇರಲಿಲ್ಲ. ಇದರಿಂದ ದಿನಕ್ಕೆ ನಲವತ್ತು ಚೀಲ ಕಡಿಮೆಯಾಗುತ್ತಿದೆ ಎಂದು ಚಿಕ್ಕಲಸಂದ್ರದ ಮೇಸ್ತ್ರಿ ಅನಂತರಾಮು ಅವರಿಗೆ ದೂರು ಹೇಳಿದ. ಅನಂತರಾಮು ಶೆಡ್ಡಿನ ಬಾಗಿಲವರೆಗೆ ಬಂದು, ದೇಶದ ಕೆಲಸ, ಸ್ವಲ್ಪ ಬೇಗ ಆಗಲಿ, ಅಂದರು.

"ಅದಕ್ಕೇ ಎಳೀತಿರೋದು ಸಾಮಿ," ಅಂದಳು ಬೈರಮ್ಮ, ತಲೆ ಎತ್ತದೆ.